2ಡಿ ಸಾಕೆ, 3ಡಿ ಬೇಕೆ?

ಊರಿಗೆ ಹೋದಾಗ ಯಾರಾದರೂ ಕೆಲಸ ಏನು ಎಂದು ಕೇಳಿದರೆ ‘ಸಾಫ್ಟ್‌ವೇರ್’ ಎಂದು ಹೇಳಿ ಮುಗಿಸಿಬಿಡುತ್ತೇನೆ. ಅವರಿಗೂ ಸಾಕು, ನನಗೂ ಸಾಕು. ನಿಜವಾಗಿ ನಾನು ಕೋಡ್ ಬರೆಯುವುದು ಕಡಿಮೆ. ಪುಣೆಯ ಸುತ್ತಲಿನ ಭೋಸರಿ, ಚಾಕಣ, ಪಿಂಪ್ರಿಯ ಕಾರ್ಖಾನೆಗಳಿಗೆ ಹೋಗಿ, ಅವರ ಡಿಸೈನ್ ವಿಭಾಗಕ್ಕೆ ಯಾವ ಸಾಫ್ಟ್‌ವೇರ್ ಸರಿ ಎಂದು ನೋಡಿ ವರದಿ ಬರೆಯುವುದು, ಅವರು ಒಪ್ಪಿದರೆ ಅಳವಡಿಸಿ ಕೊಡುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಒಂದೇ: ನಾವು ಇನ್ನೂ 2ಡಿಯಲ್ಲೇ ಇದ್ದೇವೆ, 3ಡಿಗೆ ಹೋಗಬೇಕಾ?

ಕೇಳುವ ಧಾಟಿಯಲ್ಲೇ ಸ್ವಲ್ಪ ನಾಚಿಕೆ ಇರುತ್ತದೆ, ಮನೆಯಲ್ಲಿ ಇನ್ನೂ ಡಬ್ಬಾ ಟಿವಿ ಇದೆ ಎಂದು ಒಪ್ಪಿಕೊಂಡ ಹಾಗೆ. ನಮ್ಮ ಸೇಲ್ಸ್‌ನವರ ಸ್ಲೈಡ್ ಕೂಡ ಆ ನಾಚಿಕೆಯನ್ನು ಹೆಚ್ಚಿಸುವಂಥದ್ದೇ. ಎಡಕ್ಕೆ ಬರೀ ಗೆರೆಗಳ ಡ್ರಾಯಿಂಗ್, ಬಲಕ್ಕೆ ಮಿರಿಮಿರಿ ಮಿಂಚುವ ಮಾಡೆಲ್, ನಡುವೆ ಒಂದು ಬಾಣ. ಆ ಬಾಣ ನನಗೆ ಹಿಡಿಸುವುದಿಲ್ಲ.

ಇಂಜಿನಿಯರಿಂಗ್ ಓದದವರಿಗಾಗಿ ಎರಡು ಮಾತು. 2ಡಿಯಲ್ಲಿ ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಹಾಳೆಯ ಮೇಲೆ ಬಿಡಿಸಿ ಅಳತೆ ಬರೆಯುತ್ತಾರೆ. 3ಡಿಯಲ್ಲಿ ಕಂಪ್ಯೂಟರಿನೊಳಗೆ ಆ ವಸ್ತುವನ್ನೇ ಕಟ್ಟುತ್ತಾರೆ. ಮೂರು ನೋಟಗಳನ್ನು ಅದರಿಂದ ಸಾಫ್ಟ್‌ವೇರೇ ತೆಗೆದುಕೊಡುತ್ತದೆ. ವಿಟಿಯುನಲ್ಲಿ ಓದಿದವರಿಗೆ ಮೊದಲ ವರ್ಷದ ಡ್ರಾಯಿಂಗ್ ಲ್ಯಾಬ್ ನೆನಪಿರಬೇಕು. ಸಾಲಿಡ್ ಎಡ್ಜ್‌ನಂಥ 3ಡಿ ಸಾಫ್ಟ್‌ವೇರ್ ಮುಂದೆ ಕೂತು ಅದರಲ್ಲಿ ಒಂದೊಂದೇ ಗೆರೆ ಎಳೆಯುತ್ತಿದ್ದೆವು. ಲಾರಿ ತಗೊಂಡು ತರಕಾರಿ ತರಲು ಹೋದ ಹಾಗೆ.

ಎರಡು ವರ್ಷದ ಹಿಂದೆ ಭೋಸರಿಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಿಂದ ಇದೇ ಪ್ರಶ್ನೆ ಬಂತು. ಕನ್ವೇಯರ್, ಹಾಪರ್, ಶೂಟ್ ಮಾಡುವ ಜಾಗ. ನಲವತ್ತು ಜನರ ಕೆಲಸ. ಮಾಲೀಕರಿಗೆ ದೊಡ್ಡ ಗ್ರಾಹಕರೊಬ್ಬರು ಇನ್ನು ಮೇಲೆ 3ಡಿ ಮಾಡೆಲ್ ಕೊಡಲೇಬೇಕು ಎಂದಿದ್ದರಂತೆ. ಅವರ ಯೋಜನೆ ಸರಳವಾಗಿತ್ತು: ಐದು ಲೈಸೆನ್ಸ್, ನಾಲ್ಕು ಹೊಸ ಹುಡುಗರು, ಹಳೆಯ ಡ್ರಾಫ್ಟ್ಸ್‌ಮನ್‌ಗೆ ನಮಸ್ಕಾರ. ನನ್ನ ವರದಿ ಅದಕ್ಕೊಂದು ಮುದ್ರೆ ಒತ್ತಬೇಕಿತ್ತು.

ಆ ಡ್ರಾಫ್ಟ್ಸ್‌ಮನ್ ಜೊತೆ ಮೊದಲ ಅರ್ಧ ಗಂಟೆ ಮರಾಠಿಯಲ್ಲೇ ಮಾತಾಡಿದೆ. ನನ್ನ ಮರಾಠಿಯ ರಾಗ ಕೇಳಿ ಅವರೇ ತಲೆ ಎತ್ತಿದರು. “ನಮ್ಮ ಕಡೆಯವ್ರೇನ್ರಿ?” ನಾನು ಧಾರವಾಡ, ಅವರು ಬಾಗಲಕೋಟೆ ಕಡೆ. ಐಟಿಐ ಮುಗಿಸಿ 1990ರಲ್ಲಿ ಪುಣೆಗೆ ಬಂದವರು. ಮಿನಿ ಡ್ರಾಫ್ಟರ್, ಟ್ರೇಸಿಂಗ್ ಪೇಪರ್, ತಪ್ಪಾದ ಶಾಯಿ ಗೆರೆಯನ್ನು ಬ್ಲೇಡಿನಿಂದ ಕೆರೆಯುವುದು, ಅಮೋನಿಯಾ ಪ್ರಿಂಟಿನ ವಾಸನೆ, ಎಲ್ಲ ಕಂಡವರು. ಆಮೇಲೆ ಆಟೋಕ್ಯಾಡ್ ಕಲಿತಿದ್ದರು. ಒಂದು ತಾಸಿನಲ್ಲಿ ನಾನು ‘ಕಾಕಾ’ ಎನ್ನತೊಡಗಿದೆ, ಅವರು ‘ತಮ್ಮಾ’ ಎನ್ನತೊಡಗಿದರು. ಚಹಾ ಕುಡಿಯುವಾಗ ನೇರವಾಗಿ ಕೇಳಿದರು: “ಖರೇ ಹೇಳು ತಮ್ಮಾ, ಈ ಸಾಫ್ಟ್‌ವೇರ್ ಬಂದ ಮ್ಯಾಲ ನನ್ನ ಕುರ್ಚಿ ಇರ್ತೈತೋ ಇಲ್ಲೋ?”

ನೋಡಿ ಹೇಳ್ತೀನಿ ಎಂದೆ. ನಿಜವಾಗಿಯೂ ನೋಡಿಯೇ ಹೇಳಬೇಕಿತ್ತು. ನಮ್ಮ ಕಡೆಯವರು ಎಂಬ ಕಾರಣಕ್ಕೆ ವರದಿ ಬರೆದರೆ ಮಾಲೀಕರಿಗೆ ಮೋಸ.

ಮೂರು ದಿನ ಕೂತು ಹಳೆಯ ಆರ್ಡರ್‌ಗಳನ್ನು ತಿರುವಿದೆ. 3ಡಿ ಬೇಕೇ ಬೇಕು ಎನ್ನುವ ಕೆಲಸ ಅಲ್ಲಿ ಸಾಕಷ್ಟಿತ್ತು. ಕನ್ವೇಯರಿನ ಬೆಲ್ಟ್ ಅಗಲ 600 ಇದ್ದದ್ದು 650 ಮಿ.ಮೀ. ಆಯಿತು ಎಂದುಕೊಳ್ಳಿ. ಫ್ರೇಮ್, ರೋಲರ್, ಬ್ರಾಕೆಟ್, ಗಾರ್ಡ್ ಎಲ್ಲದರ ಅಳತೆ ಬದಲಾಗಬೇಕು. 2ಡಿಯಲ್ಲಿ ಪ್ರತಿ ಡ್ರಾಯಿಂಗನ್ನು ತೆರೆದು ಪ್ರತಿ ನೋಟವನ್ನೂ ಕೈಯಾರೆ ತಿದ್ದಬೇಕು. ಇಪ್ಪತ್ತರಲ್ಲಿ ಒಂದು ಉಳಿದರೂ ಆ ಭಾಗ ಕೂರುವುದಿಲ್ಲ. ಸರಿಯಾಗಿ ಕಟ್ಟಿದ ಮಾಡೆಲ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಉಳಿದದ್ದು ತಾನಾಗಿ ಸರಿಯುತ್ತದೆ. (ಸರಿಯಾಗಿ ಕಟ್ಟಿದ ಎಂಬ ಮಾತಿಗೆ ಅಡಿಗೆರೆ ಹಾಕಿ. ಅವಸರದಲ್ಲಿ ಕಟ್ಟಿದ ಮಾಡೆಲ್ ಒಂದು ಅಂಕಿ ಬದಲಿಸಿದೊಡನೆ ಮೈತುಂಬ ಕೆಂಪು ಎರರ್ ತೋರಿಸುತ್ತದೆ.) ಎರಡು ಶೂಟ್‌ಗಳು ಓರೆಯಾಗಿ ಕೂಡುವಲ್ಲಿ, ಚೌಕ ಬಾಯಿ ದುಂಡಾಗುವ ಹಾಪರಿನಲ್ಲಿ, ಹಾಳೆಯ ಮೇಲೆ ತ್ರಿಕೋನ ತ್ರಿಕೋನವಾಗಿ ಬಿಡಿಸಿ ಅರ್ಧ ದಿನ ಹೋಗುವ ಕೆಲಸ 3ಡಿಯಲ್ಲಿ ಕೆಲವೇ ನಿಮಿಷ.

ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. 2ಡಿ ಬಿಡಿಸುವವರ ತಲೆಯಲ್ಲೂ ಒಂದು 3ಡಿ ಮಾಡೆಲ್ ಇರುತ್ತದೆ, ಹಾಳೆಗೆ ಬರುವುದು ಅದರ ನೆರಳು ಮಾತ್ರ. ಕಾಕಾ ಜಾತ್ರೆಗೆ ಊರಿಗೆ ಹೋದರೆ ಮಾಡೆಲ್ ಕೂಡ ರಜೆ. ಹಿಂದಿನ ವರ್ಷ ಹಾಗೆ ಎಂಟು ದಿನ ಒಂದು ಆರ್ಡರ್ ನಿಂತಿತ್ತು. ಮಾಲೀಕರ ಆತಂಕ ಸುಳ್ಳಲ್ಲ.

ಆದರೆ ಅರ್ಧದಷ್ಟು ಕೆಲಸಕ್ಕೆ 3ಡಿ ಬೇಕಾಗಿರಲಿಲ್ಲ. ತೂತುಗಳಿರುವ ಬೇಸ್ ಪ್ಲೇಟ್, ಫ್ಲಾಂಜ್, ಗಸೆಟ್. ಲೇಸರ್ ಕಟಿಂಗ್‌ನವರಿಗೆ ಬೇಕಾದದ್ದು ಡಿಎಕ್ಸ್‌ಎಫ್ ಫೈಲ್, ಅಂದರೆ ಚಪ್ಪಟೆ ಗೆರೆಗಳು. ದಪ್ಪ ಎಷ್ಟು ಎಂದು ಬಾಯಲ್ಲಿ ಹೇಳಿದರೂ ಆಯಿತು. ಗ್ರಾಹಕರ ಶೆಡ್ಡಿನಲ್ಲಿ ಯಂತ್ರ ಎಲ್ಲಿ ಕೂರುತ್ತದೆ ಎಂಬ ಲೇಔಟ್, ವೈರಿಂಗ್ ನಕ್ಷೆ, ಇವೆಲ್ಲ 2ಡಿಯಲ್ಲೇ ಚೆನ್ನ. ಅಳತೆ, ಟಾಲರೆನ್ಸ್ ಎಲ್ಲವನ್ನೂ ಮಾಡೆಲ್ ಒಳಗೇ ಬರೆದು ಹಾಳೆಯನ್ನೇ ಬಿಟ್ಟುಬಿಡುವ ಪದ್ಧತಿಗೆ ಅಮೆರಿಕದಲ್ಲಿ 2003ರಿಂದಲೇ ಸ್ಟ್ಯಾಂಡರ್ಡ್ ಇದೆ, ವಿಮಾನ ಮಾಡುವವರಿಗೆ ಅದು ಸರಿ. ಭೋಸರಿಯಲ್ಲಿ ಡ್ರಾಯಿಂಗ್ ಪಿಡಿಎಫ್ ಆಗಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ನಾನು ಡೆಮೊ ತೋರಿಸಿದಾಗ ಕಾಕಾ ಹೇಳಿದ್ದೂ ಅದನ್ನೇ: “ಚಿತ್ರ ಛಲೋ ಐತಿ ತಮ್ಮಾ, ತಿರುಗಿಸಿ ತಿರುಗಿಸಿ ನೋಡಬಹುದು. ಆದ್ರ ವೆಲ್ಡರ್ ಏನ್ ನೋಡಿ ವೆಲ್ಡ್ ಮಾಡ್ಬೇಕು?”

3ಡಿ ಇದ್ದ ಮಾತ್ರಕ್ಕೆ ಎಲ್ಲ ಕೂಡಿಬರುತ್ತದೆ ಎಂದೂ ಅಲ್ಲ. ಏರ್‌ಬಸ್ ಎ380 ವಿಮಾನದ ಕಥೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಜರ್ಮನಿಯವರು ಕ್ಯಾಟಿಯಾದ 4ನೇ ಆವೃತ್ತಿಯಲ್ಲಿ, ಫ್ರಾನ್ಸಿನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ವಿಮಾನದೊಳಗೆ ಸುಮಾರು 530 ಕಿ.ಮೀ. ವೈರು. ಜೋಡಿಸಲು ಹೋದರೆ ವೈರಿನ ಕಟ್ಟುಗಳು ಹೊಂದಲಿಲ್ಲ. 2006ರಲ್ಲಿ ವಿಮಾನ ಕೊಡುವುದು ಮತ್ತೆ ಮತ್ತೆ ಮುಂದೆ ಹೋಯಿತು.

ನನ್ನ ವರದಿಯ ದಿಕ್ಕನ್ನು ನಿರ್ಧರಿಸಿದ್ದು ಮಾತ್ರ ಕಾಕಾ ಅವರ ಒಂದು ನೋಟ್‌ಬುಕ್. ತಗಡನ್ನು ಬಗ್ಗಿಸಿದಾಗ ಮೂಲೆಯಲ್ಲಿ ಅದು ಸ್ವಲ್ಪ ಹಿಗ್ಗುತ್ತದೆ. 2 ಮಿ.ಮೀ. ತಗಡಿನಲ್ಲಿ ಹೊರ ಅಳತೆ 50 ಮತ್ತು 50 ಇರುವ ಎಲ್ ಆಕಾರ ಬೇಕಾದರೆ 100 ಕತ್ತರಿಸಿದರೆ ಹೆಚ್ಚಾಗುತ್ತದೆ. ಒಳಗಿನ ತ್ರಿಜ್ಯವೂ 2 ಇದ್ದರೆ ಸುಮಾರು ತೊಂಬತ್ತಾರೂವರೆ ಸಾಕು. ಈ ಲೆಕ್ಕಕ್ಕೆ ಸಾಫ್ಟ್‌ವೇರಿನಲ್ಲಿ ಕೆ-ಫ್ಯಾಕ್ಟರ್ ಎಂಬ ಅಂಕಿ ಕೊಡಬೇಕು. 0.33 ಕೊಡುವುದಕ್ಕೂ 0.5 ಕೊಡುವುದಕ್ಕೂ ಒಂದು ಬೆಂಡಿಗೆ ಅರ್ಧ ಮಿ.ಮೀ. ವ್ಯತ್ಯಾಸ. ನಾಲ್ಕು ಬೆಂಡ್ ಇದ್ದರೆ ಎರಡು ಮಿ.ಮೀ. ಬೋಲ್ಟಿನ ತೂತು ಎದುರುಬದುರಾಗುವುದಿಲ್ಲ. ಸರಿಯಾದ ಅಂಕಿ ಯಾವುದು ಎಂಬುದು ಆಯಾ ಯಂತ್ರ, ಡೈ, ತಗಡಿನ ಮೇಲೆ ನಿಂತಿರುತ್ತದೆ. ಕಾಕಾ ಆ ವರ್ಕ್‌ಶಾಪಿನ ಎರಡೂ ಬೆಂಡಿಂಗ್ ಯಂತ್ರಗಳಲ್ಲಿ, ಮೈಲ್ಡ್ ಸ್ಟೀಲ್ ಮತ್ತು ಸ್ಟೇನ್‌ಲೆಸ್ ಬೇರೆ ಬೇರೆ, 1ರಿಂದ 6 ಮಿ.ಮೀ. ವರೆಗೆ ಬಗ್ಗಿಸಿ ಅಳೆದು ಕನ್ನಡ ಅಂಕಿಗಳಲ್ಲಿ ಬರೆದಿಟ್ಟಿದ್ದರು. ಯಾಕೆ ಕನ್ನಡ ಅಂಕಿ ಎಂದರೆ, “ಯಾರೂ ಕಾಪಿ ಹೊಡೀಬಾರ್ದು ಅಂತ!” ಎಂದು ನಕ್ಕರು.

ಹೊಸದಾಗಿ ಬರುವ ಹುಡುಗ ಏನು ಮಾಡುತ್ತಾನೆ? ಸಾಫ್ಟ್‌ವೇರ್ ಕೊಟ್ಟ ಅಂಕಿಯನ್ನು ಹಾಗೇ ಬಿಡುತ್ತಾನೆ. ಪರದೆಯ ಮೇಲೆ ಡಬ್ಬಿ ಚೊಕ್ಕವಾಗಿ ಮುಚ್ಚಿಕೊಳ್ಳುತ್ತದೆ.

ವರದಿಯಲ್ಲಿ ಹೀಗೆ ಬರೆದೆ: ಐದಲ್ಲ, ಎರಡು ಲೈಸೆನ್ಸ್ ಸಾಕು. ಒಂದಕ್ಕೊಂದು ಕೂಡುವ, ಮೇಲಿಂದ ಮೇಲೆ ಬದಲಾಗುವ ಕೆಲಸ 3ಡಿಯಲ್ಲಿ. ಬಿಡಿ ಪ್ಲೇಟ್, ಲೇಔಟ್ ಮೊದಲಿನಂತೆ ಆಟೋಕ್ಯಾಡ್‌ನಲ್ಲಿ. ನೋಟ್‌ಬುಕ್ಕಿನ ಅಂಕಿಗಳು ಮೊದಲು ಸಾಫ್ಟ್‌ವೇರಿಗೆ ಹೋಗಬೇಕು, ಅದಿಲ್ಲದೆ ನಾವು ಅಳವಡಿಸುವುದಿಲ್ಲ. ಮಾಡೆಲ್‌ನಿಂದ ಹೊರಡುವ ಪ್ರತಿ ಡ್ರಾಯಿಂಗ್ ಹಳೆಯ ಡ್ರಾಫ್ಟ್ಸ್‌ಮನ್ ಸಹಿ ಆಗಿಯೇ ಶಾಪಿಗೆ ಇಳಿಯಬೇಕು. ಲೈಸೆನ್ಸ್ ಮೂರು ಕಡಿಮೆಯಾಗಿದ್ದಕ್ಕೆ ನಮ್ಮ ಸೇಲ್ಸ್‌ನವನು ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದ.

ಮಾಲೀಕರು ಒಪ್ಪಿದರು, ಪೂರ್ತಿ ಅಲ್ಲ. ಕಾಕಾ ಉಳಿದರು, ಸಂಬಳ ಮಾತ್ರ ಆ ವರ್ಷ ಏರಲಿಲ್ಲ. 3ಡಿಯನ್ನು ಅವರು ಕಲಿಯಲಿಲ್ಲ. ಒಂದು ತಿಂಗಳು ಪ್ರಯತ್ನಿಸಿ, ತಲೆ ತಿರುಗುತ್ತದೆ ಎಂದು ಬಿಟ್ಟರು. ಸೋಲಾಪುರದ ಹುಡುಗಿಯೊಬ್ಬಳು ಮಾಡೆಲ್ ಕಟ್ಟುತ್ತಾಳೆ, ಇವರು ಪ್ರಿಂಟ್ ಹಿಡಿದು ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾರೆ. ಅವಳ ಮನೆಮಾತು ತೆಲುಗು, ಶಾಲೆ ಮರಾಠಿ. ನೋಟ್‌ಬುಕ್ ನಕಲು ಮಾಡುವಾಗ ೩, ೬, ೭ ಗುರುತಿಸಲು ಅವಳು ಒದ್ದಾಡಿದ್ದನ್ನು ಕಾಕಾ ಫೋನಿನಲ್ಲಿ ಖುಷಿಯಿಂದ ಹೇಳಿದ್ದರು.

ಹೋದ ತಿಂಗಳು ಮಾಲೀಕರು ಮತ್ತೆ ಫೋನ್ ಮಾಡಿದರು. ಹಳೆಯ ಟ್ರೇಸಿಂಗ್‌ಗಳು ನಾಲ್ಕು ಕಪಾಟು ತುಂಬ ಇವೆ, ಎಲ್ಲವನ್ನೂ 3ಡಿ ಮಾಡಿಸಿಬಿಡೋಣವೇ ಎಂದು. ಬೇಡ, ಆ ಯಂತ್ರಕ್ಕೆ ಮತ್ತೆ ಆರ್ಡರ್ ಬಂದಾಗ ಅದೊಂದನ್ನು ಮಾಡಿ, ಉಳಿದದ್ದನ್ನು ಸ್ಕ್ಯಾನ್ ಮಾಡಿ ಇಡಿ ಎಂದೆ. ಇಲ್ಲಿಯವರೆಗೆ ಹನ್ನೊಂದು ಆಗಿವೆಯಂತೆ.