ತಾನೇ ಉದುರುವ ಬೆಳೆ

ಜನವರಿಯಲ್ಲಿ ಮಗಳ ಮನೆಗೆಂದು ಅಮೆರಿಕದ ಆರಿಗನ್‌ಗೆ ಹೋದಾಗ ವಿಲಾಮೆಟ್ ಕಣಿವೆಯ ಹೇಜಲ್‌ನಟ್ ತೋಟ ನೋಡಿದೆ. ಚಾಕೊಲೇಟಿನಲ್ಲಿ ಕಡಿಯುತ್ತೀರಲ್ಲ ಮಕ್ಕಳೇ, ಅದೇ ಗುಂಡು ಬೀಜ. ಆ ದೇಶದ ಬೆಳೆ ಹೆಚ್ಚುಕಡಿಮೆ ಎಲ್ಲವೂ ಇಲ್ಲಿಯದೇ. ಕೊರೆಯುವ ಚಳಿಯಲ್ಲೇ ಮರ ಹೂ ಬಿಟ್ಟಿತ್ತು! ಜೇನಿನ ಹಂಗಿಲ್ಲ, ಗಾಳಿಯೇ ಪರಾಗ ಒಯ್ಯುತ್ತದೆ. ಅಡಿಕೆಯಂತೆ ಮರ ಹತ್ತುವ ಕಷ್ಟವೂ ಇಲ್ಲ; ಅಕ್ಟೋಬರ್ ಹೊತ್ತಿಗೆ ಕಾಯಿ ತಾನೇ ಉದುರುತ್ತದೆ, ಯಂತ್ರ ಗುಡಿಸಿಕೊಳ್ಳುತ್ತದೆ.

ಆದರೆ ಶಿಲೀಂಧ್ರ ರೋಗ ಹಳೆಯ ತೋಟಗಳನ್ನು ಒಣಗಿಸಿತ್ತು. ನಮ್ಮ ಮಲೆನಾಡಿನ ಎಲೆಚುಕ್ಕಿ ರೋಗ ನೆನಪಾಯಿತು. ಅಲ್ಲಿಯ ವಿಶ್ವವಿದ್ಯಾಲಯ ರೋಗ ತಡೆಯುವ ತಳಿಗಳನ್ನು ಕೊಟ್ಟಿದೆ; 2009ರ ‘ಜೆಫರ್ಸನ್’ ಅಂಥದೊಂದು. ಸಿಂಪಡಣೆಯ ಖರ್ಚು ಉಳಿಯುತ್ತಿತ್ತು. ಫಸಲಿಗೆ ಮಾತ್ರ ನಾಲ್ಕೈದು ವರ್ಷ ಕಾಯಬೇಕು.

ನನ್ನ ವಯಸ್ಸಿನ ರೈತರೊಬ್ಬರು ಒಣಮರ ಕಿತ್ತ ಜಾಗದಲ್ಲಿ ಸಸಿ ನೆಡಿಸುತ್ತಿದ್ದರು. ಬ್ಯಾಂಕಿನ ಬುದ್ಧಿ ಎಲ್ಲಿ ಹೋದೀತು? “ಸಾಲ ಯಾರ ಹೆಸರಿಗೆ?” ಎಂದೆ. ಮೊಮ್ಮಗಳತ್ತ ಕೈತೋರಿ ನಕ್ಕರು.