ಬೋನಸ್ ಪಡೆದವರ ಹೆಸರು ಕೊಡಿ

2009ರ ಮಾರ್ಚ್ 18, ಬುಧವಾರ. ವಾಷಿಂಗ್ಟನ್‌ನ ರೇಬರ್ನ್ ಕಟ್ಟಡದ 2128ನೇ ಕೊಠಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೀವು ಹೇಗೋ ನುಸುಳಿ ಬಂದು ಗೋಡೆಗೆ ಒರಗಿ ನಿಂತಿದ್ದೀರಿ. ಎದುರಿಗೆ ಎತ್ತರದ ಆಸನಗಳಲ್ಲಿ ಜನಪ್ರತಿನಿಧಿ ಸಭೆಯ ಉಪಸಮಿತಿ ಕೂತಿದೆ, ಕೆಳಗೆ ಸಾಕ್ಷಿ ಹೇಳುವವರ ಮೇಜಿದೆ. ಸಾರ್ವಜನಿಕರ ಸಾಲಿನಲ್ಲಿ ಗುಲಾಬಿ ಬಟ್ಟೆ ತೊಟ್ಟ 'ಕೋಡ್ ಪಿಂಕ್' ಸಂಘಟನೆಯ ಮಹಿಳೆಯರು ಫಲಕ ಹಿಡಿದಿದ್ದಾರೆ. ಬೆಳಗಿನಿಂದ ಎಲ್ಲರೂ ಕಾಯುತ್ತಿರುವುದು ಒಬ್ಬರಿಗಾಗಿ: ವಿಮಾ ಕಂಪನಿ ಎಐಜಿಯ ಮುಖ್ಯಸ್ಥ ಎಡ್ವರ್ಡ್ ಲಿಡ್ಡಿ. ನಮ್ಮಲ್ಲಿ ಟಾಟಾ ಜೊತೆ ಸೇರಿ ಪಾಲಿಸಿ ಮಾರುವ ಅದೇ ಎಐಜಿ.

ಹೋದ ಶುಕ್ರವಾರವಷ್ಟೇ ಈ ಕಂಪನಿ ತನ್ನ ಫೈನಾನ್ಷಿಯಲ್ ಪ್ರಾಡಕ್ಟ್ಸ್ ವಿಭಾಗದವರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿದೆ. ಆಗಿನ ದರದಲ್ಲಿ ಅದು 800 ಕೋಟಿ ರೂಪಾಯಿಗೂ ಮೇಲೆ. ಕಂಪನಿಯನ್ನು ಮುಳುಗಿಸಿದ್ದೇ ಆ ವಿಭಾಗ. ಸಾಲಪತ್ರಗಳು ಕೈಕೊಟ್ಟರೆ ನಾವು ತುಂಬಿಕೊಡುತ್ತೇವೆ ಎಂದು ಬ್ಯಾಂಕುಗಳಿಗೆ ಭರವಸೆ ಮಾರಿತು, ಹಾಗೆ ತುಂಬಿಕೊಡಲು ಬೇಕಾದ ಹಣ ಮಾತ್ರ ತೆಗೆದಿಡಲಿಲ್ಲ. 2008ರ ಸೆಪ್ಟೆಂಬರ್ 16ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಎತ್ತಿ ಹಿಡಿಯಿತು. ಈಗ ನೆರವಿನ ಮೊತ್ತ 17,000 ಕೋಟಿ ದಾಟಿದೆ, ಕಂಪನಿಯ ಸುಮಾರು ಶೇ 80 ಪಾಲು ಸರ್ಕಾರದ್ದು. ಅಂದರೆ ಈ ಕೊಠಡಿಯಲ್ಲಿ ಫಲಕ ಹಿಡಿದು ಕೂತವರದ್ದು.

ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಂಡ್ರೂ ಕ್ಯೂಮೊ ನಿನ್ನೆ ಬಿಡುಗಡೆ ಮಾಡಿದ ಪತ್ರ ಬೆಂಕಿಗೆ ತುಪ್ಪ ಸುರಿದಿದೆ. 73 ಮಂದಿಗೆ ತಲಾ 10 ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು ಸಿಕ್ಕಿದೆ. ಅವರಲ್ಲಿ 11 ಮಂದಿ ಈಗ ಕಂಪನಿಯಲ್ಲೇ ಇಲ್ಲ. ನೌಕರರು ಬಿಟ್ಟುಹೋಗದಿರಲಿ ಎಂದು ಗೊತ್ತುಮಾಡಿದ ಹಣ ಬಿಟ್ಟುಹೋದವರ ಖಾತೆಗೂ ಬಿದ್ದಿದೆ.

ಮಧ್ಯಾಹ್ನ ಲಿಡ್ಡಿ ಬಂದು ಕೂರುತ್ತಾರೆ. ಈ ಮನುಷ್ಯನ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಕಂಪನಿ ಕುಸಿದ ಮೇಲೆ ಸರ್ಕಾರ ಕರೆತಂದವರು, ವರ್ಷಕ್ಕೆ ಒಂದು ಡಾಲರ್ ಸಂಬಳಕ್ಕೆ ದುಡಿಯುತ್ತಿರುವವರು. ಕರಾರು ನಾನು ಬರುವ ಮೊದಲೇ ಆಗಿತ್ತು, ಕೊಡದೆ ವಿಧಿಯಿರಲಿಲ್ಲ, ಈ ಜನ ಹೊರಟುಹೋದರೆ ಉಳಿದ ವ್ಯವಹಾರ ಬಿಡಿಸುವವರಿಲ್ಲ ಎನ್ನುತ್ತಾರೆ. ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ಪಡೆದವರು ಅರ್ಧವನ್ನಾದರೂ ಹಿಂತಿರುಗಿಸಲಿ ಎಂದು ಕೇಳಿಕೊಂಡಿರುವುದಾಗಿಯೂ ಹೇಳುತ್ತಾರೆ.

ಪೂರ್ಣ ಸಮಿತಿಯ ಮುಖ್ಯಸ್ಥ ಬಾರ್ನಿ ಫ್ರಾಂಕ್ ಬಿಡುವುದಿಲ್ಲ. ಬೋನಸ್ ಪಡೆದವರ ಹೆಸರು ಕೊಡಿ, ಇಲ್ಲದಿದ್ದರೆ ಸಮನ್ಸ್ ಹೊರಡಿಸುತ್ತೇವೆ. ಲಿಡ್ಡಿ ಹಿಂಜರಿಯುತ್ತಾರೆ. ಕಂಪನಿಗೆ ಬಂದ ಬೆದರಿಕೆಯೊಂದನ್ನು ಓದಿ ಹೇಳುತ್ತಾರೆ: ಅಧಿಕಾರಿಗಳನ್ನೂ ಅವರ ಮನೆಯವರನ್ನೂ ಪಿಯಾನೊ ತಂತಿಯಿಂದ ಕೊರಳು ಬಿಗಿದು ಕೊಲ್ಲಬೇಕಂತೆ. ಕೇಳಿ ನಿಮ್ಮ ಹೊಟ್ಟೆ ತೊಳಸುತ್ತದೆ. ಯಾರದೋ ಮಕ್ಕಳ ಕೊರಳಿಗೆ ಕೈಹಾಕುವ ಮಾತಿಗೂ ಈ ಸಾಲಿನಲ್ಲಿ ಕೂತ ಮಹಿಳೆಯರ ಸಿಟ್ಟಿಗೂ ಸಂಬಂಧವಿಲ್ಲ.

ಮ್ಯಾಸಚೂಸೆಟ್ಸ್‌ನ ಪ್ರತಿನಿಧಿ ಸ್ಟೀಫನ್ ಲಿಂಚ್ ಸರದಿ ಬಂದಾಗ ದನಿಗಳು ಏರುತ್ತವೆ. ನಿಮ್ಮ ಮಾತಿನಿಂದ ನನಗೆ ನೋವಾಗಿದೆ ಎಂದು ಲಿಡ್ಡಿ ಹೇಳಿದರೆ, ನೋವಾಗಲಿ ಎಂದೇ ಹೇಳಿದ್ದು ಎಂದು ಲಿಂಚ್ ಮಾರುತ್ತರ ಕೊಡುತ್ತಾರೆ.

ಆದರೆ ನಿಮ್ಮ ಕಿವಿಯಲ್ಲಿ ಉಳಿಯುವುದು ಒಂದೇ ಪದ: ಕರಾರು. ಮೂರು ತಿಂಗಳ ಹಿಂದೆ, 2008ರ ಡಿಸೆಂಬರ್‌ನಲ್ಲಿ, ಕಾರು ಕಂಪನಿಗಳಾದ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್‌ಗೆ ಸಾಲ ಕೊಡುವಾಗ ಅಮೆರಿಕ ಸರ್ಕಾರವೇ ಷರತ್ತು ಹಾಕಿತ್ತು. ಕಾರ್ಮಿಕರ ಕೂಲಿ ಇಳಿಯಬೇಕು, ಕೆಲಸದ ನಿಯಮ ಬದಲಾಗಬೇಕು, ಸಂಘದ ಜೊತೆಗಿನ ಒಪ್ಪಂದ ಮತ್ತೆ ಬರೆಯಬೇಕು. ಡೆಟ್ರಾಯಿಟ್‌ನ ಕಾರ್ಮಿಕನ ಕೈಯಲ್ಲೂ ಇದ್ದದ್ದು ಸಹಿ ಬಿದ್ದ ಕರಾರೇ. ಅದನ್ನು ಬಿಚ್ಚಿ ತಿದ್ದಲು ಯಾವ ವಕೀಲನ ಅಭಿಪ್ರಾಯವೂ ಅಡ್ಡ ಬರಲಿಲ್ಲ. ಈ ಸಿಟ್ಟನ್ನು ಹೊಟ್ಟೆಕಿಚ್ಚು ಎನ್ನುವವರಿದ್ದಾರೆ. ಅಲ್ಲ. ಬೆವರು ಸುರಿಸಿದವನ ಸಹಿ ಅಗ್ಗ, ಕಂಪನಿ ಮುಳುಗಿಸಿದವನ ಸಹಿ ಅಲುಗದು ಎಂದಾಗ ಉಕ್ಕಬೇಕಾದ ಸಿಟ್ಟೇ ಇದು.

ಮರುದಿನ ಜನಪ್ರತಿನಿಧಿ ಸಭೆ ಇಂಥ ಬೋನಸ್‌ಗಳಿಗೆ ಶೇ 90 ತೆರಿಗೆ ಹಾಕುವ ಮಸೂದೆಯನ್ನು 328-93 ಮತಗಳಿಂದ ಅಂಗೀಕರಿಸುತ್ತದೆ. ಸೆನೆಟ್ ಅದನ್ನು ಮುಟ್ಟುವುದಿಲ್ಲ.

ಶನಿವಾರ ನೀವು ಕನೆಕ್ಟಿಕಟ್‌ನಲ್ಲಿ ಬಸ್ ಹತ್ತಿದ್ದೀರಿ. 'ವರ್ಕಿಂಗ್ ಫ್ಯಾಮಿಲೀಸ್' ಪಕ್ಷದವರು ಹೊರಡಿಸಿದ ಬಸ್ಸು. ಒಳಗೆ ಸುಮಾರು 40 ಮಂದಿ, ಹಿಂದೆ ಅವರಿಗಿಂತ ಹೆಚ್ಚು ಪತ್ರಕರ್ತರು. ಫೇರ್‌ಫೀಲ್ಡ್‌ನ ದೊಡ್ಡ ಮನೆಗಳ ಬೀದಿಯಲ್ಲಿ ಇಳಿದರೆ, ಎಐಜಿ ಅಧಿಕಾರಿಯ ಮನೆ ಮುಂದೆ ಕಾವಲುಗಾರರು. ಯಾರೂ ಕಲ್ಲೆತ್ತುವುದಿಲ್ಲ. ತಮ್ಮ ಕಷ್ಟ ಬರೆದ ಪತ್ರವನ್ನು ಅಲ್ಲಿ ಬಿಟ್ಟು ಮತ್ತೆ ಬಸ್ ಹತ್ತುತ್ತಾರೆ. ಮುಂದೆ ವಿಲ್ಟನ್, ಫೈನಾನ್ಷಿಯಲ್ ಪ್ರಾಡಕ್ಟ್ಸ್ ವಿಭಾಗದ ಕಚೇರಿ.

ದಾರಿಯಲ್ಲಿ ನಿಮಗೆ ಹಿಂದಿನ ಭಾನುವಾರ ಎಐಜಿ ಪ್ರಕಟಿಸಿದ ಇನ್ನೊಂದು ಪಟ್ಟಿ ನೆನಪಾಗುತ್ತದೆ. ನೆರವಿನ ಹಣ ಎಐಜಿಯನ್ನು ದಾಟಿ ಎಲ್ಲಿಗೆ ಹೋಯಿತು ಎಂಬ ಪಟ್ಟಿ. ಸೊಸೈಟೆ ಜನರಲ್‌ಗೆ 1,190 ಕೋಟಿ ಡಾಲರ್, ಡಾಯ್ಚ ಬ್ಯಾಂಕ್‌ಗೆ 1,180 ಕೋಟಿ, ಗೋಲ್ಡ್‌ಮನ್ ಸ್ಯಾಕ್ಸ್‌ಗೆ 1,290 ಕೋಟಿ. ಗೋಲ್ಡ್‌ಮನ್ ಒಂದಕ್ಕೇ ಹೋದದ್ದು ಈ ಬೋನಸ್‌ನ ಎಪ್ಪತ್ತೈದು ಪಟ್ಟಿಗೂ ಹೆಚ್ಚು. ಎಐಜಿಯಿಂದ ಭರವಸೆ ಕೊಂಡಿದ್ದ ಬ್ಯಾಂಕುಗಳಿಗೆ ಒಂದು ಸೆಂಟ್ ಕಡಿತವಿಲ್ಲದೆ ಪೂರ್ತಿ ಬೆಲೆ ಸಿಕ್ಕಿತು. ಅಲ್ಲೂ ಕರಾರು ಗಟ್ಟಿಯಾಗೇ ಉಳಿಯಿತು. ಈ ಬಸ್ಸು ಮ್ಯಾನ್‌ಹಟನ್‌ನಲ್ಲಿರುವ ಗೋಲ್ಡ್‌ಮನ್ ಕಚೇರಿಯ ಮುಂದೆಯೂ ನಿಲ್ಲಬೇಕು, ಪತ್ರ ಅಲ್ಲಿಗೂ ತಲುಪಬೇಕು.