ದಾರಿಯಲ್ಲಿ ಬಿದ್ದ ಆದಿದ್ರವ್ಯ

ಸುಮಾರು ಮೂವತ್ತು ವರ್ಷಗಳ ಕಾಲ ರಸಾಯನಶಾಸ್ತ್ರವನ್ನು ಬೋಧಿಸಿದವನು ನಾನು. ಮೂಲವಸ್ತುಗಳ ಪಾಠವನ್ನು ಆರಂಭಿಸುವ ಮುನ್ನ ಯುರೋಪಿನ ರಸವಾದಿಗಳ ವಿಷಯವಾಗಿ ಒಂದೆರಡು ಮಾತುಗಳನ್ನಾಡಿ, ಅವರು ಸೀಸವನ್ನು ಚಿನ್ನ ಮಾಡಹೊರಟ ಭ್ರಾಂತರೆಂದು ತರಗತಿಯನ್ನು ನಗಿಸಿ ಮುಂದೆ ಸಾಗುವುದು ನನ್ನ ವಾಡಿಕೆಯಾಗಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಗುರುಗಳೇ, ಸೀಸದಲ್ಲಿಯೂ ಚಿನ್ನದಲ್ಲಿಯೂ ಇರುವುದು ಅದೇ ಪ್ರೋಟಾನು, ಅದೇ ಎಲೆಕ್ಟ್ರಾನು ಎಂದು ತಾವೇ ಹೇಳಿದಿರಿ. ಹಾಗಾದರೆ ಅವರು ತಿಳಿದದ್ದರಲ್ಲಿ ತಪ್ಪೇನಿತ್ತು?" ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂದೆ. ಅವನು ಕುಳಿತನು. ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ನಾನು ಆ ಉತ್ತರವನ್ನು ಹುಡುಕತೊಡಗಿದೆ.

ರಸವಾದಿಗಳ ವಿಚಾರದ ಬೇರು ಅರಿಸ್ಟಾಟಲನ ತತ್ತ್ವದಲ್ಲಿದೆ. ಪ್ರತಿಯೊಂದು ವಸ್ತುವೂ ದ್ರವ್ಯ ಮತ್ತು ರೂಪಗಳ ಕೂಟ. ರೂಪಗಳನ್ನೆಲ್ಲ ಒಂದೊಂದಾಗಿ ಕಳಚುತ್ತ ಹೋದರೆ ಕಡೆಗೆ ಉಳಿಯುವುದೇ ಆದಿದ್ರವ್ಯ ಎಂದು ಅವನ ಅನುಯಾಯಿಗಳು ವಿವರಿಸಿದರು. ಮಡಕೆಗೆ ಮಣ್ಣು ಎಂಬ ಉಪಮೆಯೂ ಇಲ್ಲಿ ಸಾಲದು. ಮಣ್ಣಿಗೆ ಬಣ್ಣವುಂಟು, ತೂಕವುಂಟು. ಆದಿದ್ರವ್ಯಕ್ಕೆ ಅವೊಂದೂ ಇಲ್ಲ. ಇದು ನಮ್ಮ ಸಾಂಖ್ಯರ ಮೂಲಪ್ರಕೃತಿಯೇ ಸರಿ ಎಂದು ಕೆಲವರು ಹೇಳಿಬಿಡುವುದುಂಟು. ಆ ಆತುರ ನನಗೆ ಒಪ್ಪಿಗೆಯಿಲ್ಲ. ಪ್ರಕೃತಿಯು ತನ್ನ ಗುಣಗಳಿಂದ ತಾನೇ ಪರಿಣಾಮ ಹೊಂದುವಂಥದು. ಆದಿದ್ರವ್ಯಕ್ಕಾದರೋ ರೂಪವು ಬೇರೆಯಾಗಿ ಒದಗಬೇಕು.

ತತ್ತ್ವಜ್ಞರಿಗೆ ಇದು ಬುದ್ಧಿಗೆ ಮಾತ್ರ ಗೋಚರವಾದದ್ದು. ನವೋದಯ ಯುಗದ ರಸವಾದಿ ಅದನ್ನು ಮೂಸೆಯಲ್ಲಿ ಕಾಣಬಯಸಿದನು. ಲೋಹಗಳು ಭೂಗರ್ಭದಲ್ಲಿ ಹಣ್ಣಿನಂತೆ ನಿಧಾನವಾಗಿ ಮಾಗುತ್ತವೆ, ಪೂರ್ಣವಾಗಿ ಮಾಗಿದ್ದು ಚಿನ್ನ, ಸೀಸವು ಇನ್ನೂ ಕಾಯಿ ಎಂಬುದು ಅಂದಿನ ನಂಬಿಕೆ. ಸೀಸದ ರೂಪವನ್ನು ಅಳಿಸಿ ಆದಿದ್ರವ್ಯಕ್ಕೆ ಮರಳಿಸಿದರೆ ಅದರ ಮೇಲೆ ಚಿನ್ನದ ರೂಪವನ್ನು ಒತ್ತಬಹುದಲ್ಲವೆ? ಮೂಸೆಯಲ್ಲಿದ್ದುದು ಕೊಳೆತು ಕಪ್ಪಾದಾಗ ಹಳೆಯ ರೂಪ ಸತ್ತಿತೆಂದು ಅವರು ಹರ್ಷಿಸುತ್ತಿದ್ದರು.

ಆದರೆ ಯಾವ ವಸ್ತುವಿನಿಂದ ಆರಂಭಿಸಬೇಕು? ಆ ವಸ್ತುವನ್ನೂ ಅವರು ಆದಿದ್ರವ್ಯವೆಂದೇ ಕರೆದರು. ಗೊಂದಲ ಹುಟ್ಟಿದ್ದು ಇಲ್ಲಿಯೇ. 1612ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಮಾರ್ಟಿನ್ ರೂಲಾಂಡನ ರಸವಾದ ನಿಘಂಟು ಅದಕ್ಕೆ ಸುಮಾರು 50 ಹೆಸರುಗಳನ್ನು ಪಟ್ಟಿ ಮಾಡುತ್ತದೆ: ಇಬ್ಬನಿ, ಮೋಡ, ನೆರಳು, ವಿಷ, ಜೇನು, ವಧು, ತಾಯಿ, ಸರ್ಪ, ಚಂದ್ರನ ಉಗುಳು, ಮೂತ್ರ. ಅದು ಎಲ್ಲೆಲ್ಲಿಯೂ ಇದೆ, ದಾರಿಯಲ್ಲಿಯೇ ಬಿದ್ದಿದೆ, ಜನರು ಅದನ್ನು ತುಳಿದುಕೊಂಡು ಹೋಗುತ್ತಾರೆ ಎಂಬ ಮಾತು ಅವರ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಘಂಟೆಂದರೆ ಅರ್ಥವನ್ನು ಬಿಡಿಸುವ ಗ್ರಂಥವೆಂದು ನಂಬಿದ್ದ ನನಗೆ ಇದನ್ನು ಕಂಡು ನಗು ಬಂದಿತು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರ್ಯಾಂಡ್ ಎಂಬಾತನು ಪರುಷಮಣಿಯ ಆಸೆಯಿಂದ ರಾಶಿ ರಾಶಿ ಮೂತ್ರವನ್ನು ಕುದಿಸಿ, ಇಂಗಿಸಿ, ಶೇಷವನ್ನು ತೀವ್ರವಾಗಿ ಕಾಯಿಸಿದಾಗ ಕತ್ತಲಲ್ಲಿ ತಾನಾಗಿ ಹೊಳೆಯುವ ವಸ್ತುವೊಂದು ದೊರೆಯಿತು. ಅದೇ ರಂಜಕ. ಇಂಥವನನ್ನು ಭ್ರಾಂತನೆಂದು ನಾನು ಎಷ್ಟು ತರಗತಿಗಳಲ್ಲಿ ನಗಿಸಿದ್ದೆನೋ!

ರಸಾಯನಶಾಸ್ತ್ರದ ಜನಕನೆಂದು ನಾನೇ ಪಾಠ ಹೇಳಿದ ರಾಬರ್ಟ್ ಬಾಯ್ಲ್ ಕೂಡ ಅವರ ನೆರೆಯವನೇ. 1661ರ ತನ್ನ ಗ್ರಂಥದಲ್ಲಿ ಆತನು ಗಂಧಕ, ಪಾದರಸ, ಲವಣ ಎಂಬ ಪ್ಯಾರಾಸೆಲ್ಸಸನ ಪಂಥದ ಮೂರು ತತ್ತ್ವಗಳನ್ನು ಖಂಡಿಸಿದನು, ನಿಜ. ಆದರೆ ಎಲ್ಲ ಕಾಯಗಳಿಗೂ ಸಾಮಾನ್ಯವಾದ ದ್ರವ್ಯವು ಒಂದೇ ಎಂದು ಅವನೂ ನಂಬಿದ್ದನು; ಚಿನ್ನವನ್ನು ಮಾಡಬಹುದೆಂಬುದನ್ನೂ ನಂಬಿದ್ದನು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಸೀಸದ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನುಗಳು, ಚಿನ್ನದ್ದರಲ್ಲಿ 79. ಮೂರನ್ನು ಕಳಚಿದರೆ ಸೀಸವು ಚಿನ್ನವೇ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 2015ರಿಂದ 2018ರವರೆಗೆ ನಡೆದ ಪ್ರಯೋಗಗಳಲ್ಲಿ ಹೀಗೆ ಉಂಟಾದ ಚಿನ್ನದ ತೂಕವನ್ನು ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು: ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ 29 ಭಾಗ, ಅದೂ ಕ್ಷಣಮಾತ್ರದಲ್ಲಿ ಒಡೆದುಹೋಯಿತು. ರಸವಾದಿಯ ಕುಲುಮೆಯ ಬೆಂಕಿ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳನ್ನು ಮಾತ್ರ ಕಲಕಬಲ್ಲದು. ನ್ಯೂಕ್ಲಿಯಸ್ಸನ್ನು ಅದು ಮುಟ್ಟಲಾರದು. ಲೋಹಗಳಿಗೆಲ್ಲ ಒಂದೇ ಮೂಲವಿದೆ ಎಂಬ ಅವರ ಊಹೆ ದೊಡ್ಡದು, ಕೈಯಲ್ಲಿದ್ದ ಬೆಂಕಿ ಚಿಕ್ಕದು. ಆದರೂ ಪ್ರೋಟಾನನ್ನು ಆದಿದ್ರವ್ಯವೆನ್ನಲಾಗದು. ಅದಕ್ಕೆ ತೂಕವೂ ಉಂಟು, ವಿದ್ಯುದಂಶವೂ ಉಂಟು.

ಅಂದು ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆ ಹುಡುಗ ಈಗ ಎಲ್ಲಿರುವನೋ ನಾನರಿಯೆ. ಈ ಸಂಚಿಕೆಯು ಹಳೆಯ ವಿದ್ಯಾರ್ಥಿಗಳೆಲ್ಲರ ಕೈಸೇರುವುದೆಂದು ಸಂಪಾದಕರು ತಿಳಿಸಿದುದರಿಂದ ಇದನ್ನು ಬರೆದುಕೊಟ್ಟಿದ್ದೇನೆ.